ಗೋಡೆಯೊಳಗಿನ ಸಾಕ್ಷಿ

ಮನುಷ್ಯನ ಹೊಲವನ್ನು ಕಸಿದುಕೊಂಡರೆ ಅವನು ನ್ಯಾಯಸ್ಥಾನದ ಮೆಟ್ಟಿಲನ್ನು ಹತ್ತಬಹುದು. ಅವನ ಮಾನಕ್ಕೆ ಕುಂದು ತಂದರೆ ನಾಲ್ಕು ಜನರ ಮುಂದೆ ನಿಂತು ನ್ಯಾಯ ಕೇಳಬಹುದು. ಕಳ್ಳನೆಂದು ಹಿಡಿದು ಸೆರೆಯಲ್ಲಿಟ್ಟರೂ ವಕೀಲನ ಮೂಲಕ ತನ್ನ ಪಕ್ಷವನ್ನು ಹೇಳಿಕೊಳ್ಳುವ ಹಕ್ಕು ಅವನಿಗೆ ಉಳಿದೇ ಇರುತ್ತದೆ. ಆದರೆ "ಇವನಿಗೆ ಹುಚ್ಚು" ಎಂದು ಒಮ್ಮೆ ತೀರ್ಮಾನವಾಯಿತೆಂದರೆ ಅವನಿಂದ ಕಸಿದುಕೊಳ್ಳಲ್ಪಡುವುದು ಹೊಲವಲ್ಲ, ಮಾನವೂ ಅಲ್ಲ, ಅವನ ಮಾತು. ಅತ್ತರೆ ಅದು ರೋಗದ ಲಕ್ಷಣ. ನಕ್ಕರೂ ರೋಗದ ಲಕ್ಷಣ. ನನಗೆ ರೋಗವಿಲ್ಲವೆಂದು ಶಾಂತವಾಗಿ ವಾದಿಸಿದರೆ ಅದು ಇನ್ನೂ ದೊಡ್ಡ ಲಕ್ಷಣ. ಆಪ್ತನ ವಾಕ್ಯವು ಪ್ರಮಾಣವೆಂದು ನಮ್ಮ ತರ್ಕಶಾಸ್ತ್ರವು ಹೇಳುತ್ತದೆ. ಚಿತ್ತಸ್ವಾಸ್ಥ್ಯ ತಪ್ಪಿದವನೆಂದು ಹೆಸರಾದವನನ್ನು ಲೋಕವು ಆಪ್ತರ ಪಟ್ಟಿಯಿಂದ ಹೊರಗೆ ಹಾಕಿಬಿಡುತ್ತದೆ. ತನ್ನ ಮೈಮೇಲೆ ಬಿದ್ದ ಏಟಿಗೂ ಅವನು ಸಾಕ್ಷಿಯಾಗಲಾರ.

ಹೀಗಿರಲು ಚಿತ್ತರೋಗಿಗಳನ್ನು ಇರಿಸುವ ಆಲಯಗಳಲ್ಲಿ ಏನು ನಡೆಯುತ್ತದೆಂಬುದನ್ನು ಹೊರಗಿನ ಸಮಾಜವು ತಿಳಿಯುವ ಬಗೆ ಯಾವುದು? ಈ ಪ್ರಶ್ನೆಗೆ 1887ರಲ್ಲಿ ಅಮೆರಿಕಾ ದೇಶದ ನ್ಯೂಯಾರ್ಕ್ ನಗರದಲ್ಲಿ ಇಪ್ಪತ್ತಮೂರು ವರ್ಷದ ತರುಣಿಯೊಬ್ಬಳು ಒಂದು ಉತ್ತರವನ್ನು ಕೊಟ್ಟಳು. ಆಕೆಯ ಸಾಹಸದ ಕಥೆಯನ್ನು ಜಗತ್ತು ಬಲ್ಲದು. ಆದರೆ ಕಥೆಯೊಳಗಿನ ಪಾಠವನ್ನು ಪತ್ರಿಕೆಗಳನ್ನು ನಡೆಸುವ ನಾವಾಗಲಿ, ಅವನ್ನು ಓದುವ ಮಹಾಜನರಾಗಲಿ ಪೂರ್ತಿಯಾಗಿ ಮನಸ್ಸಿಗೆ ತಂದುಕೊಂಡಂತೆ ಕಾಣುವುದಿಲ್ಲ.

ಆಕೆಗಿಂತ ಮುಂಚೆ ಇದ್ದ ಸ್ಥಿತಿಯನ್ನು ಮೊದಲು ನೋಡೋಣ. ನ್ಯೂಯಾರ್ಕಿನ ಪಕ್ಕದಲ್ಲಿ ಹರಿಯುವ ಈಸ್ಟ್ ನದಿಯ ನಡುವೆ ಬ್ಲ್ಯಾಕ್‌ವೆಲ್ ಎಂಬ ಉದ್ದವಾದ ಕಿರುದ್ವೀಪವಿದೆ. ನಗರವು ತನಗೆ ಬೇಡವಾದವರನ್ನೆಲ್ಲ ಅಲ್ಲಿಗೆ ದೋಣಿಯಲ್ಲಿ ಸಾಗಿಸುತ್ತಿತ್ತು. ಸೆರೆಮನೆ, ದಿಕ್ಕಿಲ್ಲದವರ ಮನೆ, ಧರ್ಮಾಸ್ಪತ್ರೆ ಎಲ್ಲವೂ ಅಲ್ಲಿಯೇ. 1839ರಲ್ಲಿ ಅಲ್ಲಿ ಹುಚ್ಚಾಸ್ಪತ್ರೆಯೂ ತೆರೆಯಿತು. (ಈ ಶಬ್ದವನ್ನು ಇಂದು ಸಭ್ಯರು ಬಳಸುವುದಿಲ್ಲ, ಬಳಸಲೂಬಾರದು. ಆ ಕಾಲದ ವಸ್ತುವಿಗೆ ಆ ಕಾಲದ ಹೆಸರೇ ಒಪ್ಪುವುದರಿಂದ ಇಲ್ಲಿ ಬಳಸಿದ್ದೇವೆ.) 1842ರಲ್ಲಿ ಇಂಗ್ಲೆಂಡಿನ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸನು ಅದನ್ನು ನೋಡಿ ಬಹಳವಾಗಿ ನೊಂದು ತನ್ನ ಪ್ರವಾಸದ ಗ್ರಂಥದಲ್ಲಿ ಬರೆದನು. 1845ರಲ್ಲಿ ಮಾರ್ಗರೆಟ್ ಫುಲ್ಲರ್ ಎಂಬ ವಿದುಷಿಯು ಅದೇ ದ್ವೀಪಕ್ಕೆ ಹೋಗಿ ಬಂದು, ಹೊರೇಸ್ ಗ್ರೀಲಿಯ "ಟ್ರಿಬ್ಯೂನ್" ಪತ್ರಿಕೆಯಲ್ಲಿ ನಗರದ ಧರ್ಮಸಂಸ್ಥೆಗಳನ್ನು ಕುರಿತು ಲೇಖನವನ್ನು ಪ್ರಕಟಿಸಿದಳು. ಹೆಂಗಸು ಲೇಖನಿ ಹಿಡಿದು ಪತ್ರಿಕಾ ಕಚೇರಿಯಲ್ಲಿ ಸಂಬಳಕ್ಕೆ ಕುಳಿತದ್ದೇ ಅಪೂರ್ವವಾಗಿದ್ದ ಕಾಲವದು. ಆಕೆ ಬರೆದು ನಲವತ್ತೆರಡು ವರ್ಷ ಕಳೆದ ಮೇಲೂ ಆ ದ್ವೀಪದಲ್ಲಿ ಹೊಸದಾಗಿ ಬಯಲಿಗೆ ತರಬೇಕಾದದ್ದು ಇದ್ದೇ ಇತ್ತೆಂಬುದನ್ನು ವಾಚಕರು ಗಮನಿಸಬೇಕು.

ಏಕೆಂದರೆ ಡಿಕನ್ಸನೂ ಫುಲ್ಲರಳೂ ಅತಿಥಿಗಳು. ಅತಿಥಿಗೆ ಮನೆಯ ಯಜಮಾನನು ತೋರಿಸಿದ್ದೇ ಮನೆ. ಅದೇ 1845ರಲ್ಲಿ ಫುಲ್ಲರಳು ಬ್ಲೂಮಿಂಗ್‌ಡೇಲ್ ಎಂಬ ಇನ್ನೊಂದು ಚಿಕಿತ್ಸಾಲಯದಲ್ಲಿ ರೋಗಿಗಳು ಹಬ್ಬದ ದಿನ ನರ್ತನಕ್ಕೆ ಸೇರಿದ್ದನ್ನು ಕಂಡು, ದಯೆಯಿಂದ ನಡೆಸಿಕೊಂಡರೆ ಈ ಜನರು ಎಷ್ಟು ಸೌಮ್ಯವಾಗಿರುವರೆಂದು ಮೆಚ್ಚಿಕೊಂಡಳು. ಇಪ್ಪತ್ತೇಳು ವರ್ಷಗಳ ಅನಂತರ, 1872ರಲ್ಲಿ, ಜೂಲಿಯಸ್ ಚೇಂಬರ್ಸ್ ಎಂಬ "ಟ್ರಿಬ್ಯೂನ್" ಸುದ್ದಿಗಾರನು ಹುಚ್ಚನಂತೆ ನಟಿಸಿ ಅದೇ ಬ್ಲೂಮಿಂಗ್‌ಡೇಲ್ ಆಲಯವನ್ನು ಹೊಕ್ಕು, ಅಲ್ಲಿ ನಡೆಯುತ್ತಿದ್ದ ಕ್ರೌರ್ಯವನ್ನು ಬಯಲಿಗೆ ತಂದನು. ರೋಗವಿಲ್ಲದೆ ಅಲ್ಲಿ ಕೊಳೆಯುತ್ತಿದ್ದ ಹನ್ನೆರಡು ಮಂದಿ ಬಿಡುಗಡೆ ಹೊಂದಿದರು. ಫುಲ್ಲರಳ ಕಣ್ಣು ಮಂದವಾಗಿರಲಿಲ್ಲ. ಆಕೆ ಬಾಗಿಲಿನಿಂದ ಒಳಗೆ ಹೋಗಿ ಅದೇ ಬಾಗಿಲಿನಿಂದ ಅದೇ ದಿನ ಹೊರಗೆ ಬಂದವಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಇಂತಹ ಪ್ರಸಂಗಗಳಿಗಾಗಿಯೇ.

ಹಾಗಾದರೆ ಒಳಗೆ ವಾಸಿಸಿದವರು ಹೇಳಲಿಲ್ಲವೇ? ಹೇಳಿದರು. ಇಲಿನಾಯ್ ಸಂಸ್ಥಾನದ ಎಲಿಜಬೆತ್ ಪ್ಯಾಕರ್ಡ್ ಎಂಬ ಗೃಹಿಣಿಯು ಮತವಿಚಾರದಲ್ಲಿ ಪಾದ್ರಿಯಾಗಿದ್ದ ತನ್ನ ಗಂಡನೊಡನೆ ಭಿನ್ನಾಭಿಪ್ರಾಯವನ್ನು ಬಹಿರಂಗವಾಗಿ ಹೇಳಿದ್ದಕ್ಕಾಗಿ 1860ರಲ್ಲಿ ಜಾಕ್ಸನ್‌ವಿಲ್ಲಿನ ಹುಚ್ಚಾಸ್ಪತ್ರೆಯನ್ನು ಸೇರಬೇಕಾಯಿತು. ಬೇರೆಯವರನ್ನು ಸೇರಿಸಲು ಬೇಕಾಗಿದ್ದ ರುಜುವಾತು ಹೆಂಡತಿಯ ವಿಷಯದಲ್ಲಿ ಬೇಕಿಲ್ಲ. ಗಂಡನ ಕೋರಿಕೆಯೂ ಆಸ್ಪತ್ರೆಯ ಮೇಲಧಿಕಾರಿಯ ಒಪ್ಪಿಗೆಯೂ ಇದ್ದರೆ ಸಾಕು. ಅಲ್ಲಿನ ಕಾನೂನು ಹಾಗಿತ್ತು. ಮೂರು ವರ್ಷ ಆಕೆ ಒಳಗಿದ್ದಳು. ಮೂರು ವರ್ಷವೂ ತನಗೆ ರೋಗವಿಲ್ಲವೆಂದಳು. ಕೊನೆಗೆ 1864ರಲ್ಲಿ ನ್ಯಾಯಾಲಯದ ಮುಂದೆ ವಿಚಾರಣೆ ನಡೆದಾಗ, ಆಕೆಯ ಬುದ್ಧಿ ಸರಿಯಾಗಿದೆಯೆಂದು ತೀರ್ಮಾನಿಸಲು ಪಂಚರಿಗೆ ಬೇಕಾದದ್ದು ಏಳು ನಿಮಿಷ. ವೈದ್ಯರು ಮೂರು ವರ್ಷದಲ್ಲಿ ಕಾಣದ್ದನ್ನು ಸಾಮಾನ್ಯರಾದ ಹನ್ನೆರಡು ಮಂದಿ ಏಳು ನಿಮಿಷದಲ್ಲಿ ಕಂಡರು. ಆಕೆಯ ಹೋರಾಟದ ಫಲವಾಗಿ 1867ರಲ್ಲಿ ಆ ಸಂಸ್ಥಾನದ ಕಾನೂನು ತಿದ್ದುಪಾಟಾಯಿತು. ಆದರೆ ಪ್ಯಾಕರ್ಡಳಂತೆ ವಾದಿಸಬಲ್ಲ ವಿದ್ಯೆಯೂ ಛಲವೂ ಎಷ್ಟು ಮಂದಿಗಿರುತ್ತದೆ?

ಅತಿಥಿಯ ಮಾತನ್ನು ಲೋಕವು ನಂಬುತ್ತದೆ, ಆದರೆ ಅವನು ಕಂಡದ್ದು ಸ್ವಲ್ಪ. ಒಳಗಿನವನು ಎಲ್ಲವನ್ನೂ ಕಂಡಿದ್ದಾನೆ, ಆದರೆ ಅವನ ಮಾತನ್ನು ನಂಬುವವರಿಲ್ಲ. ಈ ಎರಡು ದಡಗಳ ನಡುವೆ ಸೇತುವೆಯಾಗಿ ನಿಂತವಳು ನೆಲ್ಲಿ ಬ್ಲೈ.

ಅದು ಆಕೆಯ ಲೇಖನನಾಮ. ಹುಟ್ಟಿದ ಹೆಸರು ಎಲಿಜಬೆತ್ ಕಾಕ್ರನ್. ಪೆನ್ಸಿಲ್ವೇನಿಯಾದಲ್ಲಿ 1864ರಲ್ಲಿ ಜನನ. ಆರನೆಯ ವಯಸ್ಸಿನಲ್ಲಿ ತಂದೆ ತೀರಿಕೊಂಡನು. ತಾಯಿಯ ಎರಡನೆಯ ವಿವಾಹವು ಹಿಂಸೆಯಲ್ಲಿ ಮುಗಿದು, ವಿಚ್ಛೇದದ ಮೊಕದ್ದಮೆಯಲ್ಲಿ ಮಗಳೇ ತಾಯಿಯ ಪರ ಸಾಕ್ಷಿ ನುಡಿಯಬೇಕಾಯಿತು. ಉಪಾಧ್ಯಾಯಿನಿಯಾಗಬೇಕೆಂದು ಶಾಲೆ ಸೇರಿದವಳು ಹಣವಿಲ್ಲದೆ ಬಿಟ್ಟಳು. 1885ರಲ್ಲಿ "ಪಿಟ್ಸ್‌ಬರ್ಗ್ ಡಿಸ್ಪ್ಯಾಚ್" ಪತ್ರಿಕೆಯ ಅಂಕಣಕಾರನೊಬ್ಬನು ಹುಡುಗಿಯರ ಸ್ಥಾನ ಮನೆಯೇ ಹೊರತು ಬೇರೆಯಲ್ಲವೆಂದು ಬರೆದನು. ಅದನ್ನೋದಿ ಆಕೆ ಕೋಪದಿಂದ ಪತ್ರ ಬರೆದಳು. ವ್ಯಾಕರಣ ಅಷ್ಟಕ್ಕಷ್ಟೇ ಆಗಿದ್ದರೂ ಅದರಲ್ಲಿ ಕಾವಿತ್ತು. ಆ ಪತ್ರಿಕೆಯ ಸಂಪಾದಕನು ಅದನ್ನು ಗುರುತಿಸಿ ಆಕೆಗೆ ಕೆಲಸ ಕೊಟ್ಟನು. ಕಾರ್ಖಾನೆಗಳಲ್ಲಿ ದುಡಿಯುವ ಹುಡುಗಿಯರ ಪಾಡನ್ನು ಬರೆದಳು. ಮೆಕ್ಸಿಕೋ ದೇಶಕ್ಕೆ ಹೋಗಿ ಅಲ್ಲಿಂದ ವರದಿ ಕಳುಹಿಸಿದಳು. ಆದರೂ ಕಚೇರಿಯವರು ಆಕೆಯನ್ನು ಮತ್ತೆ ಮತ್ತೆ ಉಡಿಗೆತೊಡಿಗೆ, ಪುಷ್ಪಪ್ರದರ್ಶನ, ಸಂಗೀತ ನಾಟಕಗಳ ಪುಟಕ್ಕೇ ಕಟ್ಟಿಹಾಕುತ್ತಿದ್ದರು. ಬೇಸತ್ತು ನ್ಯೂಯಾರ್ಕಿಗೆ ಹೊರಟಳು. ಅಲ್ಲಿ ಕೆಲವು ತಿಂಗಳು ಅಲೆದ ಮೇಲೆ ಜೋಸೆಫ್ ಪುಲಿಟ್ಜರನ "ವರ್ಲ್ಡ್" ಪತ್ರಿಕೆಯ ಬಾಗಿಲು ತೆರೆಯಿತು. ಹುಚ್ಚಿಯಂತೆ ನಟಿಸಿ ಬ್ಲ್ಯಾಕ್‌ವೆಲ್ ದ್ವೀಪವನ್ನು ಹೊಕ್ಕು ಅಲ್ಲಿನ ಸ್ತ್ರೀಯರ ಸ್ಥಿತಿಯನ್ನು ಬರೆಯುವುದು ಆಕೆಗೆ ಒಪ್ಪಿಸಿದ ಕೆಲಸವಾಗಿತ್ತು.

ಒಳಗೆ ಹೋಗುವುದು ಎಷ್ಟು ಸುಲಭವೆಂಬುದೇ ಮೊದಲನೆಯ ಆಶ್ಚರ್ಯ. ದುಡಿಯುವ ಹೆಂಗಸರ ವಸತಿಗೃಹವೊಂದರಲ್ಲಿ ಒಂದು ರಾತ್ರಿ ನಿದ್ದೆ ಮಾಡದೆ, ಗೋಡೆಯನ್ನು ನೋಡುತ್ತ, ಎಲ್ಲರೂ ಹುಚ್ಚರಂತೆ ಕಾಣುತ್ತಾರೆಂದು ಹೇಳುತ್ತ ಕುಳಿತಳು. ಮರುದಿನ ಪೊಲೀಸರು ಬಂದರು, ನ್ಯಾಯಾಧಿಪತಿಯು ಕನಿಕರಪಟ್ಟನು, ಬೆಲ್‌ವ್ಯೂ ಆಸ್ಪತ್ರೆಯ ವೈದ್ಯರು ನಾಡಿ ಹಿಡಿದು, ನಾಲಿಗೆ ನೋಡಿ, ಈಕೆಯ ಬುದ್ಧಿ ನಿಶ್ಚಯವಾಗಿ ಕೆಟ್ಟಿದೆಯೆಂದು ಬರೆದುಕೊಟ್ಟರು. ಈ ಗುರುತಿಲ್ಲದ ಹುಡುಗಿ ಯಾರೆಂದು ಇತರ ಪತ್ರಿಕೆಗಳು ಕುತೂಹಲದಿಂದ ಬರೆದವು. ದೋಣಿಯು ದ್ವೀಪವನ್ನು ಮುಟ್ಟಿದ ಕ್ಷಣದಿಂದ ಆಕೆ ನಟನೆಯನ್ನು ಬಿಟ್ಟು, ನಿತ್ಯದಂತೆ ಮಾತನಾಡಿ ನಿತ್ಯದಂತೆ ನಡೆದುಕೊಂಡಳು. ಎಷ್ಟೆಷ್ಟು ಸರಿಯಾಗಿ ಮಾತನಾಡಿದಳೋ ಅಷ್ಟಷ್ಟು ಹುಚ್ಚಿಯೆಂದು ಅಲ್ಲಿನವರಿಗೆ ತೋರಿತು. ಈ ಒಂದು ಸಂಗತಿಯು ಅಲ್ಲಿನ ಏಟುಗಳಿಗಿಂತಲೂ ಭಯಂಕರವಾದದ್ದೆಂದು ನಮ್ಮ ಅಭಿಪ್ರಾಯ.

ಅಲ್ಲಿ ಕಂಡದ್ದೇನು? ಆಕೆಯ ಲೆಕ್ಕದಂತೆ 1,600 ಮಂದಿ ಹೆಂಗಸರು. ಬೆಳಿಗ್ಗೆ ಆರರಿಂದ ರಾತ್ರಿ ಎಂಟರವರೆಗೆ ಬೆಂಚಿನ ಮೇಲೆ ನೆಟ್ಟಗೆ ಕುಳಿತಿರಬೇಕು. ಮಾತಿಲ್ಲ, ಓದಿಲ್ಲ, ಅಲುಗಾಟವಿಲ್ಲ. ಹುಳಿತ ಬೆಣ್ಣೆ, ಒಣಗಿ ಕಪ್ಪಾದ ರೊಟ್ಟಿ, ಎಣಿಸಿ ಹಾಕಿದ ಐದು ಒಣಹಣ್ಣು, ಉಪ್ಪಿಲ್ಲದ ಬೇಯಿಸಿದ ಪದಾರ್ಥ. ಸ್ನಾನವೆಂದರೆ ಮಂಜಿನಂತೆ ಕೊರೆಯುವ ನೀರು; ಒಬ್ಬರ ಮೇಲೊಬ್ಬರಂತೆ ಅನೇಕರಿಗೆ ಅದೇ ನೀರು, ಮೈ ಒರೆಸಲು ಅದೇ ಬಟ್ಟೆ. ದಾದಿಯರು ದಪ್ಪ ಅಂಗಿಗಳನ್ನು ತೊಟ್ಟು ನಡುಗುತ್ತಿರುವಾಗ ರೋಗಿಗಳು ತೆಳುವಾದ ಬಟ್ಟೆಯಲ್ಲಿ ಕುಳಿತಿರಬೇಕು. ಏಕೆಂದರೆ ಅಕ್ಟೋಬರ್ ಬರುವವರೆಗೆ ಕಟ್ಟಡಕ್ಕೆ ಶಾಖ ಕೊಡುವ ಏರ್ಪಾಡಿಲ್ಲ. ರಾತ್ರಿ ಉಡಲು ಬೆಚ್ಚಗಿನದೊಂದು ಬಟ್ಟೆಯನ್ನು ಕೇಳಿದರೆ, ಇದು ಧರ್ಮದ ಸಂಸ್ಥೆ, ಇಲ್ಲಿ ದಯೆಯನ್ನು ನಿರೀಕ್ಷಿಸಬೇಡ, ಕೊಟ್ಟದ್ದಕ್ಕೆ ಋಣಿಯಾಗಿರು ಎಂಬ ಭಾವದ ಉತ್ತರ. ಕೋಣೆಯ ಬಾಗಿಲುಗಳಿಗೆ ಒಂದೊಂದಕ್ಕೂ ಬೇರೆ ಬೇರೆ ಬೀಗ. ಬೆಂಕಿ ಬಿದ್ದರೆ ದಾದಿಯರು ಓಡಿ ಬಂದು ಇಷ್ಟು ಬೀಗ ತೆಗೆಯುವರೇ ಎಂದು ಆಕೆ ವೈದ್ಯನನ್ನು ಕೇಳಿದಳು. ಈ ಪ್ರಶ್ನೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದೆ ನಮ್ಮ ದೇಶದ ಮಾತು ಬಂದಾಗ ಅದು ಮತ್ತೆ ಎದುರಾಗುತ್ತದೆ.

ಆದರೆ ನೆಲ್ಲಿ ಬ್ಲೈಯ ಬರಹದ ಮುಖ್ಯ ಬೆಲೆ ತಣ್ಣೀರಿನ ವರ್ಣನೆಯಲ್ಲಿಲ್ಲ. ತನ್ನ ಜೊತೆಗಿದ್ದವರ ಮಾತನ್ನು ಆಕೆ ಕೇಳಿಸಿಕೊಂಡಳು, ಬೆಲೆಯಿರುವುದು ಅಲ್ಲಿ. ಆನ್ ನೆವಿಲ್ ಎಂಬಾಕೆ ಮನೆಗೆಲಸದವಳು. ದುಡಿದು ದುಡಿದು ದೇಹ ಸೋತಿತು. ಶುಶ್ರೂಷೆಯ ಖರ್ಚನ್ನು ಕೊಡಲಾರದೆ ಸೋದರಳಿಯನು ಈ ದಾರಿಗೆ ದಾಟಿಸಿದನು. ಟಿಲ್ಲಿ ಮೇಯರ್ಡ್ ಎಂಬಾಕೆ ಕಾಯಿಲೆಯಿಂದ ಎದ್ದು ವಿಶ್ರಾಂತಿಗೆ ಹೋಗುತ್ತಿದ್ದೇನೆಂದು ನಂಬಿ ಬಂದವಳು. ತನ್ನ ಬುದ್ಧಿಯನ್ನು ಪರೀಕ್ಷಿಸಿ ನೋಡಿರೆಂದು ವೈದ್ಯರನ್ನು ಬೇಡಿದರೂ ಪರೀಕ್ಷಿಸಿದವರಿಲ್ಲ. ಲೂಯಿಸ್ ಶಾಂಜ್ ಎಂಬಾಕೆಗೆ ಜರ್ಮನ್ ಭಾಷೆಯ ಹೊರತು ಬೇರೊಂದು ಬಾರದು. ಅಲ್ಲಿದ್ದ ದಾದಿಯೊಬ್ಬಳಿಗೆ ಆ ಭಾಷೆ ತಕ್ಕಮಟ್ಟಿಗೆ ಬರುತ್ತಿದ್ದರೂ ನಡುವೆ ನಿಂತು ಮಾತು ತಿಳಿಸುವವರಿಲ್ಲದೆ, ತಾನು ಯಾವ ಸ್ಥಳಕ್ಕೆ ಬಂದಿದ್ದೇನೆಂಬುದೂ ಆಕೆಗೆ ತಿಳಿಯದೆ, ಆಕೆಯ ಹೇಳಿಕೆ ಯಾರಿಗೂ ಅರ್ಥವಾಗದೆ ಆಕೆಯನ್ನು ಒಳಗೆ ನೂಕಲಾಯಿತು. ಕೊಲೆಗಾರನಿಗೂ ಅವನ ಭಾಷೆಯಲ್ಲಿ ಆಪಾದನೆಯನ್ನು ತಿಳಿಸುತ್ತಾರೆ. ತಾಯ್ನುಡಿಯಲ್ಲಿ ಒಂದು ಮಾತನ್ನೂ ಕೇಳದೆ ಮನುಷ್ಯನ ಬುದ್ಧಿಯನ್ನು ಅಳೆಯುವುದಕ್ಕಿಂತ ದೊಡ್ಡ ಅವಿವೇಕವಿದೆಯೇ? ಭಾಷೆಗಾಗಿ ಇಷ್ಟೊಂದು ದುಡಿದ ಕನ್ನಡಿಗರಿಗೆ ಈ ಹೆಂಗಸಿನ ನೋವು ಯಾರೂ ಹೇಳದೆ ತಿಳಿದೀತು.

ಹತ್ತು ದಿನಗಳಾದ ಮೇಲೆ ಪತ್ರಿಕೆಯ ವಕೀಲನು ಬಂದು ಆಕೆಯನ್ನು ಬಿಡಿಸಿಕೊಂಡು ಹೋದನು. ಅಕ್ಟೋಬರ್ 9 ಮತ್ತು 16ರ "ವರ್ಲ್ಡ್" ಸಂಚಿಕೆಗಳಲ್ಲಿ ಲೇಖನಗಳು ಬಂದವು. ಅದೇ ವರ್ಷ ಪುಸ್ತಕವೂ ಆಯಿತು. ನಗರವೆಲ್ಲ ಎದ್ದು ಕುಳಿತಿತು. ಗ್ರಾಂಡ್ ಜ್ಯೂರಿ ಎಂಬ ಪಂಚರ ಮಂಡಲಿಯು ಆಕೆಯನ್ನು ಕರೆಸಿ ಸಾಕ್ಷ್ಯ ಕೇಳಿ, ಆಕೆಯೊಡನೆ ದ್ವೀಪಕ್ಕೆ ಹೊರಟಿತು. ಹೋಗಿ ನೋಡಿದರೆ ಅಡಿಗೆಮನೆ ಚೊಕ್ಕಟ. ಪ್ರದರ್ಶನಕ್ಕಿಟ್ಟ ರೊಟ್ಟಿ ಬೆಳ್ಳಗೆ. ಬಾಗಿಲ ಬಳಿಯಲ್ಲಿ ಎಲ್ಲರಿಗೂ ಕಾಣುವಂತೆ ಎರಡು ಪೀಪಾಯಿ ಉಪ್ಪು! ಆಕೆ ಹೆಸರಿಸಿದ ಹಲವು ಹೆಂಗಸರು ಅಲ್ಲಿರಲೇ ಇಲ್ಲ. ಟಿಲ್ಲಿ ಮೇಯರ್ಡಳ ಸ್ಥಿತಿ ಬಹಳ ಕೆಟ್ಟಿತ್ತು. ಆದರೆ ಆನ್ ನೆವಿಲ್ ಉಳಿದಿದ್ದಳು. ಪಂಚರ ಮುಂದೆ ನಿಂತು ಆಕೆ ಹೇಳಿದ್ದಕ್ಕೂ ನೆಲ್ಲಿ ಬ್ಲೈ ಬರೆದದ್ದಕ್ಕೂ ತಾಳೆಯಿತ್ತು. ಆನ್ ನೆವಿಲ್ ಅದೇ ಸತ್ಯವನ್ನು ಹಿಂದೆಯೂ ಹೇಳಬಲ್ಲವಳಾಗಿದ್ದಳು. ಆ ದಿನ ಆಕೆ ಹೊಸದಾಗಿ ವಿವೇಕವನ್ನು ಪಡೆಯಲಿಲ್ಲ. ಕೇಳುವ ಕಿವಿಗಳು ಮಾತ್ರ ಹೊಸದಾಗಿ ಬಂದವು.

ಆಸ್ಪತ್ರೆಯ ಮೇಲಧಿಕಾರಿಯು ಪಂಚರಿಗೆ ಕೊಟ್ಟ ಉತ್ತರಗಳು ಇನ್ನೂ ಬೋಧಪ್ರದವಾಗಿವೆ. ಸ್ನಾನದ ನೀರು ತಣ್ಣಗಿತ್ತೇ? ಖಚಿತವಾಗಿ ತಿಳಿಯುವ ಸಾಧನ ತನಗಿಲ್ಲ. ದಾದಿಯರು ರೋಗಿಗಳನ್ನು ಹಿಂಸಿಸುತ್ತಿದ್ದರೇ? ಅದನ್ನೂ ತಿಳಿಯುವ ಸಾಧನವಿಲ್ಲ. ಆಹಾರ ಚೆನ್ನಾಗಿಲ್ಲವೆಂದು ಬಲ್ಲೆ, ಹಣವಿಲ್ಲ. ವೈದ್ಯರೆಲ್ಲರೂ ಸಮರ್ಥರಲ್ಲ, ಅದಕ್ಕೂ ಹಣವಿಲ್ಲದ್ದೇ ಕಾರಣ. ಈತನು ರಾಕ್ಷಸನಲ್ಲ, ಸುಳ್ಳುಗಾರನೂ ಅಲ್ಲ. ತನ್ನ ಕೈಕೆಳಗೆ ನಡೆಯುವುದನ್ನು ತಿಳಿಯುವ ಒಂದೇ ಸಾಧನವಾದ ರೋಗಿಯ ಮಾತನ್ನು ಮೊದಲೇ ತಳ್ಳಿಹಾಕಿ, ಆಮೇಲೆ ಸಾಧನವಿಲ್ಲವೆಂದು ಕೈಚೆಲ್ಲಿದ ಅಧಿಕಾರಿ. ಇಂತಹವರು ಎಲ್ಲ ದೇಶಗಳಲ್ಲಿಯೂ ಉಂಟು. ಅವರ ಕಚೇರಿಗಳಲ್ಲಿ ದೀಪವೂ ಉರಿಯುತ್ತದೆ, ದೀಪದ ಬುಡದಲ್ಲಿ ಕತ್ತಲೆಯೂ ಇರುತ್ತದೆ.

ಪಂಚರು ಆಕೆಯ ಸೂಚನೆಗಳನ್ನು ಒಪ್ಪಿ ಶಿಫಾರಸು ಮಾಡಿದರು. ಚಿತ್ತರೋಗಿಗಳ ಪಾಲನೆಗೆ ನಗರವು ವರ್ಷಕ್ಕೆ ಹತ್ತು ಲಕ್ಷ ಡಾಲರು ಹೆಚ್ಚಾಗಿ ಮಂಜೂರು ಮಾಡಿತೆಂದು ಆಕೆ ತನ್ನ ಪುಸ್ತಕದ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾಳೆ. ಹಣವನ್ನು ಹೆಚ್ಚಿಸುವ ಮಾತು ಅದಕ್ಕೆ ಮುಂಚೆಯೇ ನಡೆದಿತ್ತೆಂಬುದನ್ನೂ ನ್ಯಾಯಕ್ಕಾಗಿ ಹೇಳಬೇಕು. ಪುಲಿಟ್ಜರನಿಗೆ ರೋಗಿಗಳ ಮೇಲಿನ ಕನಿಕರದಷ್ಟೇ ಪತ್ರಿಕೆಯ ಮಾರಾಟದ ಮೇಲೂ ಕಣ್ಣಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಪತ್ರಿಕೆಯ ಲೆಕ್ಕದ ಪುಸ್ತಕವನ್ನು ನಾವೂ ಬರೆಯುವವರು. ಕಾಗದದ ಬಿಲ್ಲು ಸತ್ಯದಿಂದ ಮಾತ್ರ ತೀರುವುದಿಲ್ಲವೆಂದು ಬಲ್ಲೆವು. ಆದರೆ ಮಾರಾಟಕ್ಕಾಗಿ ಕೊಲೆಯ ಸುದ್ದಿಯನ್ನು ಹಿಗ್ಗಿಸುವುದು ಬೇರೆ. ಮಾರಾಟವಾಗುವಷ್ಟು ಚೆನ್ನಾಗಿ ದಿಕ್ಕಿಲ್ಲದವರ ಪಾಡನ್ನು ಬರೆಯುವುದು ಬೇರೆ.

ಆಕೆಯ ಹಾದಿಯಲ್ಲಿ ಬೇರೆ ಹೆಂಗಸರೂ ನಡೆದರು. 1888ರಲ್ಲಿ ನೆಲ್ ನೆಲ್ಸನ್ ಎಂಬ ಲೇಖನನಾಮದವಳು ಷಿಕಾಗೋ ನಗರದ ಕಾರ್ಖಾನೆಗಳಲ್ಲಿ ಕೂಲಿಯಾಗಿ ದುಡಿದು ಬರೆದಳು. 1890ರಲ್ಲಿ ಆನಿ ಲಾರಿ ಎಂಬ ಹೆಸರಿನವಳು ಸ್ಯಾನ್‌ಫ್ರಾನ್ಸಿಸ್ಕೋ ನಗರದ ಬೀದಿಯಲ್ಲಿ ಮೂರ್ಛೆ ಬಂದಂತೆ ಬಿದ್ದು, ಸರ್ಕಾರಿ ಆಸ್ಪತ್ರೆಯು ಬಡ ಹೆಂಗಸನ್ನು ನಡೆಸಿಕೊಳ್ಳುವ ರೀತಿಯನ್ನು ಬಯಲಿಗೆಳೆದಳು. ಗಂಡಸರಾದ ಸಂಪಾದಕರು ಇವರನ್ನು ಚಮತ್ಕಾರದ ಹುಡುಗಿಯರೆಂದು ಕರೆದು ನಕ್ಕದ್ದುಂಟು. ಹೆಂಗಸರ ವಾರ್ಡಿಗೆ, ಹೆಂಗಸರ ಕಾರ್ಖಾನೆಗೆ ಗಂಡಸು ಸುದ್ದಿಗಾರನು ಹೋಗಲಾರನು. ಹೋದರೂ ಅಲ್ಲಿನ ಮಾತು ಅವನ ಕಿವಿಗೆ ಬೀಳದು. ಗೇಲಿಮಾಡಿದ ಮಹನೀಯರಿಗೆ ಈ ಸಣ್ಣ ಸಂಗತಿ ಹೊಳೆಯಲಿಲ್ಲ.

ಬ್ಲ್ಯಾಕ್‌ವೆಲ್ ದ್ವೀಪದಲ್ಲಿ ಮುಂದೇನಾಯಿತು? 1894ರ ಹೊತ್ತಿಗೆ ಅಲ್ಲಿನ ಚಿತ್ತರೋಗಿಗಳನ್ನು ಬೇರೆ ದ್ವೀಪಕ್ಕೆ ಸಾಗಿಸಿದರು. ಈಗ ಅದಕ್ಕೆ ರೂಸ್‌ವೆಲ್ಟ್ ದ್ವೀಪವೆಂದು ಹೆಸರು. ಆಸ್ಪತ್ರೆಯ ಎಂಟು ಮೂಲೆಯ ಗೋಪುರವು ಇಂದು ವಸತಿಯ ಕಟ್ಟಡದ ಭಾಗ. 2021ರಲ್ಲಿ ನೆಲ್ಲಿ ಬ್ಲೈಯ ಸ್ಮಾರಕವೂ ಅಲ್ಲಿ ನಿಂತಿತು. ಆದರೆ ಅದೇ ನಗರದ ಸ್ಟೇಟನ್ ದ್ವೀಪದಲ್ಲಿ, ಬುದ್ಧಿ ಬೆಳೆಯದ ಮಕ್ಕಳನ್ನೂ ದೊಡ್ಡವರನ್ನೂ ಇರಿಸಿದ್ದ ವಿಲೋಬ್ರುಕ್ ಎಂಬ ಸರ್ಕಾರಿ ಶಾಲೆಯ ನರಕವನ್ನು 1971ರಲ್ಲಿ ಜೇನ್ ಕರ್ಟಿನ್ ಎಂಬ ಪತ್ರಕರ್ತೆಯು ಸ್ಥಳೀಯ ಪತ್ರಿಕೆಯಲ್ಲಿ ಬರೆಯಬೇಕಾಯಿತು. ಮರುವರ್ಷ ದೂರದರ್ಶನದಲ್ಲಿ ಅದರ ಚಿತ್ರಗಳು ಬಂದಾಗ ಇಡೀ ದೇಶವು ತಲೆತಗ್ಗಿಸಿತು. ಅದು ಮುಚ್ಚಿದ್ದು 1987ರಲ್ಲಿ. ನೆಲ್ಲಿ ಬ್ಲೈಯ ಹತ್ತು ದಿನಗಳಿಗೆ ಸರಿಯಾಗಿ ನೂರು ವರ್ಷಗಳ ಮೇಲೆ. ಒಂದು ಲೇಖನದಿಂದ ಒಂದು ಮನೆಯ ಕಸ ಒಂದು ಬಾರಿ ಹೊರಗೆ ಬಿದ್ದೀತು. ದಿನವೂ ಗುಡಿಸುವವರಿಲ್ಲದಿದ್ದರೆ ಕಸ ಮತ್ತೆ ಕೂಡುತ್ತದೆ.

ಪರದೇಶದ ಕೊಳೆಯನ್ನು ಎತ್ತಿ ಆಡಿ ಹಿಗ್ಗುವುದು ನಮ್ಮ ಉದ್ದೇಶವಲ್ಲ. ಮನೆಯ ಕಡೆಗೆ ತಿರುಗೋಣ. ಪರಕೀಯ ದೊರೆತನವು ನಮ್ಮಲ್ಲಿ ಕಟ್ಟಿದ ಹುಚ್ಚಾಸ್ಪತ್ರೆಗಳ ಗೋಡೆಗಳು ರೋಗಿಯನ್ನು ಗುಣಪಡಿಸುವುದಕ್ಕಿಂತ ಊರನ್ನು ರೋಗಿಯಿಂದ ದೂರವಿಡುವುದಕ್ಕಾಗಿ ಎದ್ದವು. ಅವರು 1912ರಲ್ಲಿ ಮಾಡಿದ ಕಾನೂನಿನ ಹೆಸರಿನಲ್ಲಿಯೇ ಹುಚ್ಚೆಂಬ ಶಬ್ದವಿತ್ತು. ಆದರೆ ಸ್ವಾತಂತ್ರ್ಯ ಬಂದು ನಲವತ್ತು ವರ್ಷಗಳವರೆಗೆ, 1987ರವರೆಗೆ, ಅದಕ್ಕೆ ಬದಲಾಗಿ ಬೇರೊಂದು ಕಾನೂನನ್ನು ನಾವು ಮಾಡಲಿಲ್ಲ. ಈ ವಿಳಂಬಕ್ಕೆ ಯಾವ ಪರಕೀಯನನ್ನು ದೂಷಿಸೋಣ? ರೋಗಿಗಳೆಂಬ ಒಂದೇ ಕಾರಣಕ್ಕೆ, ಯಾವ ಅಪರಾಧವನ್ನೂ ಮಾಡದವರನ್ನು ನಮ್ಮ ದೇಶದ ಸೆರೆಮನೆಗಳಲ್ಲಿ ಇಟ್ಟಿದ್ದರು. ಇದು ಅಕ್ರಮವೂ ಸಂವಿಧಾನಕ್ಕೆ ವಿರುದ್ಧವೂ ಆದದ್ದೆಂದು ಶ್ರೇಷ್ಠ ನ್ಯಾಯಾಲಯವು 1993ರಲ್ಲಿ ತೀರ್ಪುಕೊಟ್ಟಿತು. ಆ ಮೊಕದ್ದಮೆಯನ್ನು ನ್ಯಾಯಾಲಯಕ್ಕೆ ಒಯ್ದವರು ಷೀಲಾ ಬರ್ಸೆ. ಮುಂಬಯಿಯ ಸೆರೆಯಲ್ಲಿದ್ದ ಹೆಂಗಸರ ಮಾತನ್ನು ಹಿಂದೆಯೂ ಕೇಳಿ ಬಂದು ನ್ಯಾಯಸ್ಥಾನದ ಬಾಗಿಲು ತಟ್ಟಿದ್ದ ಪತ್ರಕರ್ತೆ. ನೆಲ್ಲಿ ಬ್ಲೈಯ ನಿಜವಾದ ವಾರಸುದಾರಿಕೆಯನ್ನು ನಾವು ಕಾಣುವುದು ಇಲ್ಲಿ. ಬರೆದು ಕೈತೊಳೆದುಕೊಳ್ಳದೆ, ವರ್ಷಗಟ್ಟಲೆ ನ್ಯಾಯಾಲಯದ ಜಗಲಿಯಲ್ಲಿ ಕಾದು ಕುಳಿತ ಪತ್ರಿಕೋದ್ಯೋಗ ಅದು.

ಇನ್ನು ಬೀಗದ ಪ್ರಶ್ನೆ. 2001ನೆಯ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಎರ್ವಾಡಿಯಲ್ಲಿ, ದರ್ಗಾದ ಬಳಿ ರೋಗಿಗಳನ್ನು ಇರಿಸಿಕೊಳ್ಳುತ್ತಿದ್ದ ಖಾಸಗಿ ಮನೆಯೊಂದಕ್ಕೆ ಬೆಂಕಿ ಬಿದ್ದಿತು. ರೋಗಿಗಳನ್ನು ಸರಪಣಿಯಿಂದ ಕಟ್ಟಿಹಾಕಿದ್ದರು. ಇಪ್ಪತ್ತೆಂಟು ಮಂದಿ ಸತ್ತರು. 1887ರಲ್ಲಿ ಒಬ್ಬ ಹುಡುಗಿ ಕೇಳಿದ್ದ ಪ್ರಶ್ನೆಗೆ ನೂರ ಹದಿನಾಲ್ಕು ವರ್ಷಗಳ ಅನಂತರ ನಮ್ಮ ನೆರೆಯಲ್ಲಿ ಉತ್ತರ ದೊರೆಯಿತು. ಎರ್ವಾಡಿಯ ಸರಪಣಿಗಳನ್ನು ಅಲ್ಲಿಗೆ ಹೋದ ಬಂಧುಗಳೂ ಯಾತ್ರಿಕರೂ ಅಷ್ಟು ದಿನವೂ ಕಂಡಿದ್ದರು. ಕಂಡವರಿಗೆ ಅದು ವಾಡಿಕೆಯಾಗಿತ್ತು.

2017ರ ಮಾನಸಿಕ ಆರೋಗ್ಯ ಕಾನೂನು ಒಳ್ಳೆಯ ಕಾನೂನು. ರೋಗಿಯನ್ನು ಸರಪಣಿಯಿಂದ ಬಂಧಿಸಕೂಡದು. ಬಲಾತ್ಕಾರದಿಂದ ತಲೆ ಬೋಳಿಸಕೂಡದು. ಅವನು ಇಚ್ಛಿಸಿದರೆ ತನ್ನ ಬಟ್ಟೆಯನ್ನೇ ತೊಡಬಹುದು. ಕೂಲಿಯಿಲ್ಲದೆ ಬಲವಂತವಾಗಿ ದುಡಿಸಕೂಡದು. ಹೊರಗಿನವರೊಡನೆ ಮಾತನಾಡುವ, ಪತ್ರವ್ಯವಹಾರ ಮಾಡುವ ಹಕ್ಕು ಅವನಿಗುಂಟು. ದೂರು ಕೇಳಲು ಪುನರ್ವಿಮರ್ಶೆಯ ಮಂಡಲಿಗಳಿರತಕ್ಕದ್ದು. ಬ್ಲ್ಯಾಕ್‌ವೆಲ್ ದ್ವೀಪದ ಪಟ್ಟಿಯನ್ನೂ ಈ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ಒಂದು ಇನ್ನೊಂದಕ್ಕೆ ಉತ್ತರದಂತಿದೆ. ರೋಗಿಯ ಒಪ್ಪಿಗೆಯಿಲ್ಲದೆ ಅವನ ಚಿತ್ರವನ್ನಾಗಲಿ ವಿವರವನ್ನಾಗಲಿ ಪತ್ರಿಕೆಗಳಿಗೆ ಕೊಡಕೂಡದೆಂದೂ ಅದೇ ಕಾನೂನು ಹೇಳುತ್ತದೆ. ಇದು ಪತ್ರಿಕೆಯ ಕೈಕಟ್ಟುವ ವಿಧಿಯೆಂದು ಕೆಲವರು ಮುನಿದಾರು. ನಾವು ಹಾಗೆ ಭಾವಿಸುವುದಿಲ್ಲ. ನೆಲ್ಲಿ ಬ್ಲೈ ಜೊತೆಗಾರ್ತಿಯರ ಹೆಸರುಗಳನ್ನು ಅಚ್ಚುಹಾಕಿದಳು. ಆ ಕಾಲಕ್ಕೆ ಅದು ಅವರಿಗೆ ರಕ್ಷಣೆಯಾದರೂ ಆಗಿರಬಹುದು. ಇಂದು ನಾವು ಮೊದಲು ಅವರನ್ನು ಕೇಳಬೇಕು. ಮಾತನ್ನು ಕಸಿದುಕೊಂಡವರಿಗೆ ಮಾತನ್ನು ಹಿಂದಿರುಗಿಸುತ್ತೇವೆನ್ನುವವರು ಅವರ ಒಪ್ಪಿಗೆಯನ್ನು ಕೇಳದೆ ಮಾತನ್ನು ಮಾರಿಕೊಂಡರೆ, ಬೇಲಿಯೇ ಎದ್ದು ಹೊಲ ಮೇಯ್ದಂತೆ. ಸುಳ್ಳು ಹೇಳಿ ಒಳಗೆ ಹೋಗುವುದು ಸರಿಯೇ ಎಂಬ ಪ್ರಶ್ನೆಗೂ ನಮ್ಮ ಉತ್ತರ ಇದೇ: ಬಾಗಿಲು ಬೇರಾವ ರೀತಿಯಿಂದಲೂ ತೆರೆಯದಾಗ ಮಾತ್ರ ವೇಷವು ಕ್ಷಮಾರ್ಹ, ಕಾನೂನು ಬಾಗಿಲು ತೆರೆದಿರುವಾಗ ಆ ಬಾಗಿಲನ್ನು ತಟ್ಟದಿರುವುದು ಸೋಮಾರಿತನ.

ಕಾನೂನಿಗೆ ಕಾಲಿಲ್ಲ, ಅದನ್ನು ನಡೆಸುವವರು ಜನರು. ಬೆಂಗಳೂರಿನ ಹಳೆಯ ಹುಚ್ಚಾಸ್ಪತ್ರೆಯು ಇಂದು ನಿಮ್ಹಾನ್ಸ್ ಎಂಬ ಹೆಸರಿನಿಂದ ದೇಶಕ್ಕೆಲ್ಲ ವಿದ್ಯೆ ಕೊಡುವ ಸಂಸ್ಥೆಯಾಗಿದೆ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಊರಿನ ಆರೋಗ್ಯಕೇಂದ್ರದಲ್ಲಿಯೇ ಚಿತ್ತರೋಗಕ್ಕೆ ಔಷಧ ಕೊಡುವ ಏರ್ಪಾಡನ್ನು ಅದು ಮಾಡಿ ತೋರಿಸಿ, ದೇಶಕ್ಕೆ ಮಾದರಿಯನ್ನು ಒದಗಿಸಿತು. ಮನೆಯ ಹತ್ತಿರದಲ್ಲಿ ಚಿಕಿತ್ಸೆ ದೊರೆತರೆ ಗೋಡೆಯ ಅಗತ್ಯವೇ ಕಡಿಮೆಯಾಗುತ್ತದೆಂಬುದಕ್ಕೆ ಕನ್ನಡನಾಡೇ ಸಾಕ್ಷಿ. ಆದರೂ ಗುಣವಾದ ಮೇಲೆಯೂ ಕರೆದೊಯ್ಯಲು ಬಂಧುಗಳು ಬಾರದೆ, ದೂರದ ಪ್ರಾಂತದಿಂದ ರೈಲು ಹತ್ತಿ ಬಂದು ತನ್ನ ಭಾಷೆಯನ್ನು ಬಲ್ಲವರಿಲ್ಲದೆ, ವರ್ಷಾನುವರ್ಷ ಒಳಗೆ ಉಳಿದುಹೋಗುವವರು ನಮ್ಮ ದೇಶದ ಆಸ್ಪತ್ರೆಗಳಲ್ಲಿ ಇನ್ನೂ ಇದ್ದಾರೆ. ಅವರ ಸಾಕ್ಷಿ ಯಾರು?

ಇಲ್ಲಿ ನಮ್ಮದ
ೇ ಒಂದು ಋಣವನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಕಚೇರಿಗೆ ಒಂದು ಪತ್ರ ಬಂದಿತು. ಹರಿದ ಕ್ಯಾಲೆಂಡರಿನ ಹಿಂಬದಿಯಲ್ಲಿ ಸೀಸದಕಡ್ಡಿಯಿಂದ ಬರೆದದ್ದು. ದುಂಡನೆಯ ಅಕ್ಷರ, ತಪ್ಪಿಲ್ಲದ ಕನ್ನಡ. ತನಗೆ ಗುಣವಾಗಿ ಎಂಟು ತಿಂಗಳಾಯಿತೆಂದೂ, ಅಣ್ಣನು ಬಂದು ಸಹಿ ಹಾಕಿ ಕರೆದೊಯ್ಯುತ್ತಿಲ್ಲವೆಂದೂ, ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದರೆ ಅವನ ಕಣ್ಣಿಗೆ ಬಿದ್ದೀತೆಂದೂ ಒಬ್ಬ ಹೆಂಗಸು ಬರೆದಿದ್ದಳು. ಮೇಲೆ ಬರೆದಿದ್ದ ಆಸ್ಪತ್ರೆಯ ಹೆಸರನ್ನು ನಾವು ಮೊದಲು ನೋಡಿದೆವು, ಪತ್ರವನ್ನು ಆಮೇಲೆ. ಒಂದು ಬಗೆಯ ನಗೆಯೂ ನಮ್ಮ ಮುಖದ ಮೇಲೆ ಬಂದಿರಬೇಕು. ಪತ್ರ ಕಡತವನ್ನು ಸೇರಿತು. ಮರುವರ್ಷ ಕಡತಗಳನ್ನು ಸ್ವಚ್ಛಮಾಡುವಾಗ ಅದು ಕೈಗೆ ಸಿಕ್ಕಿ, ಮನಸ್ಸು ಚುಚ್ಚಿ, ಹೋಗಿ ವಿಚಾರಿಸಿದೆವು. ಆಕೆಯನ್ನು ಬೇರೆ ಕಡೆಗೆ ಕಳುಹಿಸಿದ್ದರು. ಎಲ್ಲಿಗೆಂದು ಹೇಳಬಲ್ಲವರು ದೊರೆಯಲಿಲ್ಲ. ಬೆಲ್‌ವ್ಯೂ ಆಸ್ಪತ್ರೆಯ ವೈದ್ಯರನ್ನು ಮೇಲೆ ಟೀಕಿಸಿದ್ದೇವಷ್ಟೆ. ಅವರು ನಾಡಿಯನ್ನಾದರೂ ಹಿಡಿದು ನೋಡಿದರು. ನಾವು ವಿಳಾಸವನ್ನು ನೋಡಿಯೇ ರೋಗವನ್ನು ನಿರ್ಣಯಿಸಿದೆವು.

ಆದುದರಿಂದ ಈ ಲೇಖನದ ಬೇಡಿಕೆಗಳು ದೊಡ್ಡವಲ್ಲ. ಕಾನೂನು ಹೇಳಿದ ಮಂಡಲಿಗಳು ಕಾಗದದ ಮೇಲೆ ಮಾತ್ರ ಇರದೆ, ಮುಂಚಿತವಾಗಿ ತಿಳಿಸದೆ ಹೋಗಿ ನೋಡುವಂತಾಗಲಿ. ತಿಳಿಸಿ ಹೋದವರಿಗೆ ಎರಡು ಪೀಪಾಯಿ ಉಪ್ಪು ಕಾಣುತ್ತದೆ. ಪ್ರತಿ ಆಸ್ಪತ್ರೆಯಲ್ಲಿಯೂ ರೋಗಿಯ ಭಾಷೆಯನ್ನು ಬಲ್ಲವರೊಬ್ಬರನ್ನು ಕರೆಸುವ ಏರ್ಪಾಡಿರಲಿ. ರೋಗಿ ಬರೆದ ಪತ್ರವು ಅಂಚೆಗೆ ಬೀಳಲಿ. ಪತ್ರಿಕೆಗಳು ವರ್ಷಕ್ಕೊಂದು ಸಲ ಮರುಗಿ ಬರೆಯುವುದನ್ನು ಬಿಟ್ಟು, ನ್ಯಾಯಾಲಯಕ್ಕೂ ಪುರಸಭೆಗೂ ಸುದ್ದಿಗಾರರನ್ನು ಕಳುಹಿಸುವಂತೆ ಇಲ್ಲಿಗೂ ತಪ್ಪದೆ ಕಳುಹಿಸಲಿ; ಅವರಲ್ಲಿ ಹೆಂಗಸರಿರಲಿ. ನಮ್ಮ ಮಟ್ಟಿಗೆ ಹೇಳುವುದಾದರೆ, ಇಂತಹ ಆಲಯಗಳಿಂದ ಬರುವ ಪತ್ರಗಳನ್ನು ಇನ್ನು ಮುಂದೆ ಬೇರೆ ಪತ್ರಗಳಂತೆಯೇ ಒಡೆದು, ಕೊನೆಯವರೆಗೆ ಓದಿ, ವಿಚಾರಿಸಿ ಉತ್ತರ ಬರೆಯತಕ್ಕದ್ದೆಂದು ಕಚೇರಿಯಲ್ಲಿ ನಿಯಮ ಮಾಡಿದ್ದೇವೆ. ಸೀಸದಕಡ್ಡಿಯಿಂದ ಬರೆದಿದ್ದರೂ ಸರಿಯೆ.